ಸಮುದ್ರದಲ್ಲಿ ಅಷ್ಟೇನಿದೆ ನೋಡಲು?

ಶಿವಬಸವ ನಗರ, ಬೆಳಗಾವಿ
೨೪ ಜನವರಿ ೧೯೭೯

ಸೌ. ಕಾಂತಾಗೆ ಗೌರವ್ವ ಬರೆಯುವುದು.

ನೀವು ಮೂವರೂ ಕಾರವಾರ ಮುಟ್ಟಿದ ಸುದ್ದಿಯನ್ನು ಖಾನಾಪುರದ ನಿಮ್ಮ ಹಂಚಿನ ಅಂಗಡಿಯ ಗುಮಾಸ್ತ ತಮ್ಮಣ್ಣ ಹೇಳಿ ಕಳಿಸಿದ. ಅದನ್ನು ನೀನು ಬರೆಯಬೇಕಾಗಿತ್ತು. ಒಂದು ಕಾರ್ಡು ಗೀಚಲು ಎಷ್ಟು ಹೊತ್ತು ಬೇಕು?

ದುಂಡಪ್ಪ ನನ್ನ ಬೆನ್ನಿಗೆ ಬಿದ್ದ ತಮ್ಮ. ಅವನ ಮೊಣಕಾಲು ನೊಂದರೆ ನನಗೂ ನೋವೇ. ಉಪ್ಪುನೀರಿನಲ್ಲಿ ಮೂರು ವಾರ ಕಾಲು ಇಳಿಬಿಟ್ಟು ಕೂಡ್ರಬೇಕು ಎಂದು ಡಾಕ್ಟರು ಹೇಳಿದರು, ಹೋಗಿದ್ದೀರಿ, ಆಯಿತು. ಆದರೆ ನೀಲಗಂಗಾಳನ್ನು ಕರೆದುಕೊಂಡು ಹೋದದ್ದು ನನ್ನ ಮನಸ್ಸಿಗೆ ಬಂದಿಲ್ಲ. ದೀಪಾವಳಿಯಲ್ಲಿ ಹದಿನೆಂಟು ಮನೆಗಳವರನ್ನು ಕೂಡಿಸಿ, ನಿನ್ನ ಮಗಳು ನನ್ನ ಉಳವಪ್ಪನಿಗೆ ಎಂದು ಸಕ್ಕರೆ ಹಂಚಿದ್ದೇವೆ. ಬಸವ ಜಯಂತಿ ಮುಗಿದ ವಾರಕ್ಕೆ ಮದುವೆ. ಅಂಥ ಹುಡುಗಿ ಪರವೂರಿನ ಗಾಳಿಯಲ್ಲಿ ಅಡ್ಡಾಡುವುದು ಯಾಕೆ? "ಅಪ್ಪನ ಕಾಲು ಒತ್ತಾಕ ಯಾರಿದ್ದಾರ್ರಿ?" ಎಂದು ನೀನು ಕೇಳಿದೆ. ನೀನಿರಲಿಲ್ಲವೇ?

ಅಲ್ಲಿ ಮನೆ ಮನೆಯಲ್ಲೂ ಮೀನು ಹುರಿಯುತ್ತಾರೆಂದು ಕೇಳಿದ್ದೇನೆ. ನಾವು ಎದೆಯ ಮೇಲೆ ಲಿಂಗ ಕಟ್ಟಿಕೊಂಡವರು. ಅದನ್ನು ಪೂಜಿಸದೆ, ಅದಕ್ಕೆ ತೋರಿಸದೆ ಬಾಯಿಗೆ ಏನನ್ನೂ ಹಾಕುವ ಮನೆತನವಲ್ಲ. ಇದನ್ನು ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ.

ಶಿವರಾತ್ರಿ ಫೆಬ್ರುವರಿ ೨೫ಕ್ಕೆ. ಅಷ್ಟರೊಳಗೆ ಬರಬೇಕು. ದಿನಾ ಏನು ಮಾಡುತ್ತೀರಿ, ಏನು ನೋಡುತ್ತೀರಿ, ಏನು ಉಣ್ಣುತ್ತೀರಿ, ಎಲ್ಲ ಬರೆ.

ಗೌರವ್ವ


ಕೋಡಿಬಾಗ, ಕಾರವಾರ
೩೦ ಜನವರಿ ೧೯೭೯

ಅಕ್ಕಾವರಿಗೆ ಕಾಂತಾ ಮಾಡುವ ಶರಣು.

ಕಾರ್ಡು ಹಾಕುವುದು ತಡವಾಯಿತು, ಸಿಟ್ಟಾಗಬೇಡಿರಿ. ಘಟ್ಟ ಇಳಿಯುವಾಗ ಬಸ್ಸಿನ ತಿರುವುಗಳಿಗೆ ನನಗೆ ತಲೆ ತಿರುಗಿ, ಎರಡು ದಿನ ಮಲಗಿದ್ದೆ. ಬಸ್ಸು ಕಾಳಿ ನದಿಯ ಆಚೆ ದಂಡೆಗೆ ಇಳಿಸಿತು. ಅಲ್ಲಿಂದ ಲಾಂಚಿನಲ್ಲಿ ದಾಟಿ ಈಚೆಗೆ ಬಂದೆವು. ನದಿ ಸಮುದ್ರ ಸೇರುವ ಜಾಗವದು. ಎಲ್ಲಿ ನದಿ ಮುಗಿಯಿತು, ಎಲ್ಲಿ ಸಮುದ್ರ ಶುರುವಾಯಿತು, ತಿಳಿಯುವುದಿಲ್ಲ.

ಒಬ್ಬ ಪೆನ್ಶನ್ ಮಾಸ್ತರರ ಮನೆಯಲ್ಲಿ ಹಿಂದಿನ ಎರಡು ಖೋಲಿ ಹಿಡಿದಿದ್ದೇವೆ. ಮಾಸ್ತರರ ಹೆಂಡತಿ ಕೊಂಕಣಿಯವರು. ನಾನು ಮರಾಠಿಯಲ್ಲಿ ಮಾತಾಡುತ್ತೇನೆ, ನಡೆಯುತ್ತದೆ. ಅವರ ಒಲೆ ಬೇರೆ, ನಮ್ಮ ಒಲೆ ಬೇರೆ, ನಡುವೆ ಗೋಡೆಯಿದೆ. ವಾಸನೆಗೆ ಮಾತ್ರ ಗೋಡೆಯಿಲ್ಲ. ಬೆಳಿಗ್ಗೆ ಮೂವರೂ ಲಿಂಗಪೂಜೆ ಮುಗಿಸಿಯೇ ಒಲೆ ಹಚ್ಚುವುದು. ಜೋಳದ ಹಿಟ್ಟು, ಗುರೆಳ್ಳು ಚಟ್ನಿ ಊರಿನಿಂದಲೇ ತಂದಿದ್ದೇನೆ.

ಪೂಜೆಯಾದ ಮೇಲೆ ದಂಡೆಗೆ ಹೋಗುತ್ತೇವೆ. ಉದ್ದಕ್ಕೂ ಗಾಳಿಮರದ ಸಾಲು, ಕೆಳಗೆ ಮೆತ್ತಗಿನ ಉಸುಕು. ನಿಮ್ಮ ತಮ್ಮ ಮೊಣಕಾಲತನಕ ಧೋತರ ಎತ್ತಿ ನೀರಲ್ಲಿ ಕೂಡ್ರುತ್ತಾರೆ. ಮೊದಲ ದಿನ ಸಮುದ್ರ ನೋಡಿ, "ಇಷ್ಟು ನೀರ ಐತಿ, ಒಂದ ತಂಬಿಗಿ ಕುಡ್ಯಾಕ ಬರಂಗಿಲ್ಲ ನೋಡ" ಎಂದರು. ಇನ್ನೂ ಒಂದು ಮಾತು ಅಂದರು, ಅದನ್ನು ಬರೆಯುವುದಿಲ್ಲ.

ನೀಲಾ ಇನ್ನೂ ನೀರಿಗೆ ಇಳಿದಿಲ್ಲ. ಹೆಜ್ಜೆ ಇಡುತ್ತಾಳೆ, ಅಲೆ ಬಂದರೆ ಚೀರುತ್ತ ಓಡಿ ಬರುತ್ತಾಳೆ.

ನಿಮ್ಮ
ಕಾಂತಾ


ಶಿವಬಸವ ನಗರ, ಬೆಳಗಾವಿ
೪ ಫೆಬ್ರುವರಿ ೧೯೭೯

ಸೌ. ಕಾಂತಾಗೆ,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ನೀನು ಬರೆಯದೆ ಬಿಟ್ಟ ದುಂಡಪ್ಪನ ಆ ಮಾತು ಯಾವುದು? ಬರೆಯುವುದಿಲ್ಲ ಎನ್ನುವುದಾದರೆ, ಒಂದು ಮಾತಿದೆ ಎಂದು ಬರೆಯುವುದೇಕೆ? ಹೈಸ್ಕೂಲಿನಲ್ಲಿ ನಮ್ಮ ಮಾಸ್ತರರು ಹೇಳುತ್ತಿದ್ದರು, ಅರ್ಧ ಬರೆದ ಉತ್ತರಕ್ಕಿಂತ ಖಾಲಿ ಹಾಳೆ ಲೇಸು ಎಂದು.

ನೀಲಗಂಗಾ ದಂಡೆಯ ಮೇಲೆ ಚೀರುತ್ತ ಓಡುವುದು ಬೇಡ. ಇಪ್ಪತ್ತೆರಡು ವರ್ಷದ ಹುಡುಗಿ. ನೋಡುವವರು ಏನೆಂದುಕೊಳ್ಳುತ್ತಾರೆ?

ಆ ಮಾಸ್ತರರ ಮನೆಯಲ್ಲಿ ಗಂಡುಮಕ್ಕಳು ಇದ್ದಾರೆಯೇ? ಇದ್ದರೆ ವಯಸ್ಸು ಎಷ್ಟು? ನೀನು ಬರೆದಿಲ್ಲ.

ಗೌರವ್ವ


ಕೋಡಿಬಾಗ, ಕಾರವಾರ
೯ ಫೆಬ್ರುವರಿ ೧೯೭೯

ಅಕ್ಕಾವರಿಗೆ ಶರಣು.

ಮಾಸ್ತರರಿಗೆ ಇಬ್ಬರೂ ಹೆಣ್ಣುಮಕ್ಕಳು, ಇಬ್ಬರದೂ ಮದುವೆಯಾಗಿದೆ. ನಿಮ್ಮ ತಮ್ಮ ಅಂದ ಮಾತು ಇದು: "ಸಮುದ್ರ ನಮ್ಮ ಅಕ್ಕನ್ಹಂಗ ಐತಿ. ದಂಡಿಮ್ಯಾಲೆ ನಿಂತು ಕೈ ಮುಗಿಬೇಕು, ಒಳಗ ಇಳೀಬಾರ್ದು." ನೀವು ಕೇಳಿದಿರಿ, ನಾನು ಬರೆದೆ. ಸಿಟ್ಟು ಅವರ ಮೇಲಿರಲಿ.

ಈ ವಾರ ಬಹಳ ನೋಡಿದೆವು. ಹೊಳೆಯಾಚೆಯ ಸದಾಶಿವಗಡದ ಗುಡ್ಡಕ್ಕೆ ನಾನೂ ನೀಲಾನೂ ಹೋದೆವು. ಮೇಲೆ ಹಳೆಯ ಕೋಟೆಯ ಗೋಡೆಗಳಿವೆ. ಅಲ್ಲಿಂದ ನೋಡಿದರೆ ನದಿ, ಸಮುದ್ರ, ನಡುಗಡ್ಡೆಗಳು ಎಲ್ಲ ತಾಟಿನಲ್ಲಿ ಬಡಿಸಿಟ್ಟ ಹಾಗೆ ಕಾಣುತ್ತವೆ. ನಿಮ್ಮ ತಮ್ಮ ಕೆಳಗೆ ಚಹಾದ ಅಂಗಡಿಯಲ್ಲಿ ಕೂತರು, ನಾಲ್ಕು ಮೆಟ್ಟಿಲು ಏರಲೂ ಅವರ ಕಾಲು ಒಪ್ಪುವುದಿಲ್ಲ. ಒಂದು ದಿನ ದೋಣಿಯಲ್ಲಿ ಕೂರ್ಮಗಡ ಎಂಬ ನಡುಗಡ್ಡೆಗೆ ಹೋಗಿ ನರಸಿಂಹನ ಗುಡಿ ನೋಡಿ ಬಂದೆವು. ದೋಣಿ ಅಲುಗಾಡಿದಾಗ ನಾನು ಕಣ್ಣು ಮುಚ್ಚಿದ್ದೆ, ನೀಲಾ ಅಂಬಿಗನ ಹತ್ತಿರ ಹುಟ್ಟು ಕೇಳಿ ಹಾಕಿದಳು. ದೂರದ ಬಂಡೆಯ ಮೇಲೆ ದೀಪಸ್ತಂಭವಿದೆ. ಅಲ್ಲಿಗೆ ಹೋಗಲು ಪರವಾನಗಿ ಬೇಕಂತೆ, ಬಿಟ್ಟೆವು.

ಎಲ್ಲಕ್ಕಿಂತ ಚಂದ ಕಂಡದ್ದು ರಂಪಣಿ ಎಂಬ ಮೀನಿನ ಬಲೆ. ಊರಿಗೆ ಊರೇ ಎರಡು ಸಾಲಾಗಿ ನಿಂತು, ಹಾಡು ಹೇಳುತ್ತ ಹಗ್ಗ ಜಗ್ಗುತ್ತದೆ. ಬಲೆ ದಂಡೆಗೆ ಬರಲು ಅರ್ಧ ದಿನ ಬೇಕು. ನಮಗೆ ಅದರೊಳಗಿನದು ಬೇಡ, ಆದರೆ ಜಗ್ಗುವುದನ್ನು ನೋಡಬೇಕು. ನೀಲಾ ಹೋಗಿ ಹಗ್ಗಕ್ಕೆ ಕೈ ಹಚ್ಚಿಯೇ ಬಿಟ್ಟಳು. ಒಬ್ಬ ಮುದುಕಿ, "ಪಾಲು ಕೊಡ್ತೀವಿ, ಬುಟ್ಟಿ ತಾ ಮಗಾ" ಎಂದಾಗ ಓಡಿ ಬಂದಳು.

"ಅವ್ವಾ, ಹೋಗೂದ್ರಾಗ ಒಂದ ಸಲ ನಾನೂ ಮುಳುಗಿ ಏಳತೀನಿ" ಎಂದು ಗಂಟು ಬಿದ್ದಿದ್ದಾಳೆ. ಸೋಮವಾರಕ್ಕೆ ಹೂಂ ಎಂದಿದ್ದೇನೆ. ೧೭ನೆಯ ತಾರೀಖು ಹೊರಡುತ್ತೇವೆ.

ಕಾಂತಾ


ಕೋಡಿಬಾಗ, ಕಾರವಾರ
೧೬ ಫೆಬ್ರುವರಿ ೧೯೭೯

ಅಕ್ಕಾವರಿಗೆ ಶರಣು.

ನಾಳೆ ಹೊರಡುವುದಿತ್ತು. ಆಗುತ್ತಿಲ್ಲ. ಇನ್ನೂ ಕೆಲವು ದಿನ ಇಲ್ಲಿಯೇ ಇರಬೇಕಾಗಿದೆ. ಇಲ್ಲಿ ನೋಡುವುದು ಬಹಳ ಉಳಿದಿದೆ.

ನಿನ್ನೆ ದೀಪಸ್ತಂಭ ನೋಡಿದೆವು. ಅದು ಬಂಡೆಯ ಮೇಲೆ ಬಹಳ ಎತ್ತರವಾಗಿದೆ. ಒಳಗೆ ಸುತ್ತುಮೆಟ್ಟಿಲುಗಳಿವೆ. ನಿಮ್ಮ ತಮ್ಮ ಮೇಲೆ ಹತ್ತಿ ದೀಪ ನೋಡಿ ಬಂದರು. ದೀಪಕ್ಕೆ ದೊಡ್ಡ ದೊಡ್ಡ ಗಾಜುಗಳಿವೆ. ಅದರ ಬೆಳಕು ಹಲವು ಮೈಲು ಕಾಣುತ್ತದೆ. ಬೈತಕೋಲದಲ್ಲಿ ಹಡಗುಗಳು ನಿಲ್ಲುತ್ತವೆ. ಬಿಣಗಾ ಕಡೆಗೆ ಬೇರೊಂದು ದಂಡೆಯಿದೆ, ಅದೂ ಚೆನ್ನಾಗಿದೆ. ಸಂಜೆ ಸೂರ್ಯ ಮುಳುಗುವುದು ಚೆನ್ನಾಗಿರುತ್ತದೆ.

ಶಿವರಾತ್ರಿಗೆ ಬರಲು ಆಗಲಿಕ್ಕಿಲ್ಲ. ತಪ್ಪು ತಿಳಿಯಬೇಡಿರಿ.

ಕಾಂತಾ


ಶಿವಬಸವ ನಗರ, ಬೆಳಗಾವಿ
೨೦ ಫೆಬ್ರುವರಿ ೧೯೭೯

ಕಾಂತಾಗೆ,

ನಿನ್ನ ೯ನೆಯ ತಾರೀಖಿನ ಕಾಗದ ಮತ್ತು ೧೬ನೆಯ ತಾರೀಖಿನ ಕಾಗದ ಎರಡನ್ನೂ ಮುಂದಿಟ್ಟುಕೊಂಡು ಕೂತಿದ್ದೇನೆ.

ಒಂದು ವಾರದ ಹಿಂದೆ ನಾಲ್ಕು ಮೆಟ್ಟಿಲು ಏರಲಾರದ ನನ್ನ ತಮ್ಮ ದೀಪಸ್ತಂಭ ಹತ್ತಿದನೇ? ಪರವಾನಗಿ ಯಾರು ಕೊಟ್ಟರು? ಮೊದಲಿನ ಕಾಗದದಲ್ಲಿ ಬಲೆ, ಹಗ್ಗ, ಮುದುಕಿಯ ಮಾತು, ಎಲ್ಲ ಕಣ್ಣಿಗೆ ಕಟ್ಟುವಂತಿತ್ತು. ಎರಡನೆಯದು ಸಾಲಿ ಮಕ್ಕಳ ನಿಬಂಧ. ಇದು ಚೆನ್ನಾಗಿದೆ, ಅದು ಚೆನ್ನಾಗಿದೆ. ನೀನು ನೋಡಿ ಬರೆದದ್ದಲ್ಲ ಅದು.

ಇನ್ನೊಂದು. ಆ ಕಾಗದದಲ್ಲಿ ನೀಲಗಂಗಾಳ ಹೆಸರು ಒಂದು ಸಲವೂ ಬಂದಿಲ್ಲ. ಹಿಂದಿನ ಎಲ್ಲದರಲ್ಲೂ ಅವಳದೇ ಸುದ್ದಿ. ಅವಳೆಲ್ಲಿದ್ದಾಳೆ?

ನಾನು ಮದುವೆಯಾಗಿ ಬಂದಾಗಿನಿಂದ ದುಂಡಪ್ಪ ಶಿವರಾತ್ರಿಗೆ ನಮ್ಮ ಮನೆ ತಪ್ಪಿಸಿಲ್ಲ. ಅವನ ಮದುವೆಯಾದ ವರ್ಷ ಜ್ವರ ಬಂದಾಗಲೂ ಚಕ್ಕಡಿಯಲ್ಲಿ ಮಲಗಿ ಬಂದಿದ್ದ. ಸಮುದ್ರದಲ್ಲಿ ಅಷ್ಟೇನಿದೆ ನೋಡಲು? ಇವತ್ತು ನೋಡಿದ ನೀರೇ ನಾಳೆಯೂ ಇರುತ್ತದೆ. ಇಷ್ಟೆಲ್ಲ ದಿನ ನೋಡುತ್ತಿರುವುದು ಸಮುದ್ರವನ್ನೋ, ಬೇರೆ ಏನನ್ನೋ?

ಉಳವಪ್ಪ ಊರಲ್ಲಿಲ್ಲ. ಸರಕಾರಿ ಕೆಲಸದ ಮೇಲೆ ನಿನ್ನೆ ಸೂಪಾ ಅಣೆಕಟ್ಟಿನ ಕಡೆ ಹೋದ, ಮೂರು ವಾರವಂತೆ. ಇಲ್ಲದಿದ್ದರೆ ಅವನನ್ನೇ ಕಳಿಸಿ ನೋಡಿಸುತ್ತಿದ್ದೆ.

ಸ್ಪಷ್ಟವಾಗಿ ಉತ್ತರ ಬರೆ.

ಗೌರವ್ವ


ಕೋಡಿಬಾಗ, ಕಾರವಾರ
೨೬ ಫೆಬ್ರುವರಿ ೧೯೭೯

ಅಕ್ಕಾವರಿಗೆ ಶರಣು.

ನೀಲಾ ಇಲ್ಲಿಯೇ ಇದ್ದಾಳೆ. ಆರಾಮ ಇದ್ದಾಳೆ. ದೀಪಸ್ತಂಭಕ್ಕೆ ಮಾಸ್ತರರು ಪರವಾನಗಿ ಕೊಡಿಸಿದರು. ನಿಮ್ಮ ತಮ್ಮನ ಕಾಲು ಈಗ ಬಹಳ ಸುಧಾರಿಸಿದೆ. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ನೀರಲ್ಲಿರುತ್ತಾರೆ.

ನಿನ್ನೆ ಶಿವರಾತ್ರಿ ಆಯಿತು. ಇಲ್ಲಿಯೂ ಗುಡಿಗಳಲ್ಲಿ ಗದ್ದಲವಿತ್ತು. ನಾವು ದಂಡೆಯ ಮೇಲೆ ಕೂತಿದ್ದೆವು. ಉಪವಾಸ ಎಲ್ಲರದೂ ಚೆನ್ನಾಗಿ ಆಯಿತು.

ಸೂಪಾಕ್ಕೆ ಹೋದ ಉಳವಪ್ಪನ ಚಿಂತೆ ಮಾಡಬೇಡಿರಿ. ಅವನು ಸುಖವಾಗಿಯೇ ಇರುತ್ತಾನೆ.

ಬೇರೆ ಏನೂ ಇಲ್ಲ.

ಕಾಂತಾ


ಶಿವಬಸವ ನಗರ, ಬೆಳಗಾವಿ
೪ ಮಾರ್ಚ್ ೧೯೭೯

ಕಾಂತಾಗೆ,

ಇನ್ನು ದೀಪಸ್ತಂಭದ ಕಥೆ ಸಾಕು. ನನಗೆ ಎಲ್ಲ ತಿಳಿದಿದೆ.

ನಮ್ಮ ಮನೆಗೆ ಬೆಣ್ಣೆ ತರುವ ಸಿದ್ದಕ್ಕ ನಿನಗೆ ಗೊತ್ತು. ಅವಳ ತಮ್ಮ ನಾಗಲಿಂಗ ಬಸ್ ಕಂಡಕ್ಟರು, ಖಾನಾಪುರದಲ್ಲಿ ನಿಮ್ಮ ಓಣಿಯವನೇ. ಕಾರವಾರದ ಗಾಡಿಯ ಮೇಲೆ ಹೋಗುವವನಿದ್ದ. "ನಮ್ಮ ದುಂಡಪ್ಪ ಹೆಂಗಿದ್ದಾನ, ದೂರಿಂದ ನೋಡ್ಕೊಂಡ ಬಾ" ಎಂದು ನಾನೇ ಕಳಿಸಿದೆ. ಹೌದು, ಕಳಿಸಿದೆ. ನೀನು ನಿಜ ಬರೆದಿದ್ದರೆ ಕಳಿಸುವ ಕೆಲಸವಿರಲಿಲ್ಲ. ಅವನು ಇವತ್ತು ಬಂದು ನಮ್ಮ ಪಡಸಾಲೆಯಲ್ಲಿ ಕೂತು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

"ಅವ್ವಾರ, ಸಾವಕಾರ್ರು ನಡಮಟ ನೀರಾಗ ನಿಂತಿದ್ರರಿ. ಬಾಜುಕ ಒಬ್ಬ ಹುಡುಗ ಇದ್ದ. ಪ್ಯಾಂಟ ಮೊಣಕಾಲತನಕ ಮಡಚಿದ್ದ, ಅಂಗಿ ಇದ್ದಿದ್ದಿಲ್ಲ. ಕೈಯಾಗ ಹಿಟ್ಟಿನ ಸಾಣಿಗಿ. ಉಸುಕು ಬಳೀತಿದ್ದ, ಜಾಡಸ್ತಿದ್ದ, ನಗತಿದ್ದ."

"ಯಾರವ?" ಎಂದೆ.

"ನಾ ಕಂಡಾವಲ್ಲರಿ. ಆ ಊರವನೂ ಕಾಣಲಿಲ್ಲ, ಕನ್ನಡದಾಗ ಮಾತಾಡ್ತಿದ್ದ. ಮ್ಯಾಲೆ ಬಂದ ಕೂಡಲೆ ನಿಮ್ಮ ನೀಲವ್ವ ಟಾವೆಲ್ಲು ಕೊಟ್ಟಳು. ಎಳನೀರ ಒಡಸ್ಕೊಂಡು ಇಬ್ಬರೂ ಕಲ್ಲಬಂಡಿಮ್ಯಾಲೆ ಕುಂತ್ರು. ಕಾಂತವ್ವಾರು ಅಲ್ಲೇ ಇದ್ದರ್ರಿ, ಏನೂ ಅನ್ಲಿಲ್ಲ."

"ಸಾಣಿಗಿ ಯಾಕ?"

"ಚಿಪ್ಪ ಆರಸಾಕ ಇರಬೇಕು ತಗೋರಿ. ಹುಡುಗ್ರು."

ಕಾಂತಾ, ನನಗೆ ಅರವತ್ತೊಂದು ವರ್ಷ. ಚಿಪ್ಪು ಆರಿಸುವುದು ಏನೆಂದು ನನಗೂ ತಿಳಿಯುತ್ತದೆ. ಮೂರು ವಾರದ ಔಷಧ ಆರು ವಾರವಾದದ್ದೇಕೆ, ಶಿವರಾತ್ರಿ ತಪ್ಪಿದ್ದೇಕೆ, ಮಗಳ ಹೆಸರು ಕಾಗದದಿಂದ ಹಾರಿ ಹೋದದ್ದೇಕೆ, ಎಲ್ಲ ಒಂದು ದಾರದಲ್ಲಿ ಪೋಣಿಸಿಕೊಂಡಿತು. ಅಲ್ಲಿ ಬ್ಯಾಂಕಿನ ಹುಡುಗನೋ, ಬಂದರಿನ ಸಾಹೇಬನೋ ಸಿಕ್ಕಿದ್ದಾನೆ. ನನ್ನ ಓವರ್ಸೀಯರ್ ಮಗ ನಿಮಗೆ ಹಗುರಾದ. ಅಂಗಿ ಬಿಚ್ಚಿ, ಮದುವೆಯ ಮಾತಾದ ಹುಡುಗಿಯ ಎದುರು ಹಲ್ಲು ಕಿರಿಯುವ ಆ ಪೋಲಿ ಯಾರ ಮನೆಯವನೋ, ಅವನ ತಾಯಿ ಅವನಿಗೆ ಏನು ಕಲಿಸಿದ್ದಾಳೋ. ಅಂಥ ಮಗನನ್ನು ಹೆತ್ತವಳು ತಲೆ ಎತ್ತಿ ಹೇಗೆ ತಿರುಗುತ್ತಾಳೋ ನಾನು ಕಾಣೆ.

ಗಂಡ ಇವನೇ ಎಂದು ನಿಶ್ಚಯವಾದ ಮೇಲೂ ಇನ್ನೊಬ್ಬನಿಗೆ ಟವೆಲ್ಲು ಹಿಡಿಯುವ ಹುಡುಗಿ ನನ್ನ ಹೊಸ್ತಿಲು ದಾಟಬಾರದು. ನಮ್ಮ ಮಾತು ಇಲ್ಲಿಗೆ ಮುಗಿಯಿತು. ಟಿಳಕವಾಡಿಯ ಒಂದು ಮನೆಯವರು ಉಳವಪ್ಪನನ್ನು ಹೋದ ವರ್ಷವೇ ಕೇಳಿದ್ದರು. ಅವನು ಸೂಪಾದಿಂದ ಬಂದ ದಿನವೇ ಹೇಳಿ, ಅವರಿಗೆ ಹೂಂ ಎನ್ನುತ್ತೇನೆ.

ದುಂಡಪ್ಪನಿಗೆ ಈ ಕಾಗದ ಓದಿ ತೋರಿಸು.

ಗೌರವ್ವ


ಕೋಡಿಬಾಗ, ಕಾರವಾರ
೮ ಮಾರ್ಚ್ ೧೯೭೯

ಅಕ್ಕಾವರಿಗೆ,

ಓದಿ ತೋರಿಸು ಎಂದಿರಿ. ಟಪಾಲು ಬಂದಾಗ ನನ್ನ ಕೈಯೆಲ್ಲ ಹಿಟ್ಟು, ನಿಮ್ಮ ತಮ್ಮನ ಚಾಳೀಸು ಒಳಗಿತ್ತು. "ಓದಪಾ" ಎಂದು ಅಲ್ಲಿಯೇ ಕೂತವನ ಕೈಗೆ ಕೊಟ್ಟೆ. ಓದಿದವನು ಉಳವಪ್ಪ. ಹೌದು, ನಿಮ್ಮ ಉಳವಪ್ಪ.

ಅವನು ಸೂಪಾಕ್ಕೆ ಹೋಗಿಲ್ಲ. ರಜೆ ಹಾಕಿ ಇಲ್ಲಿಗೆ ಬಂದು ಹದಿನೇಳು ದಿನವಾಯಿತು. ಮಾಸ್ತರರ ಜಗುಲಿಯ ಮೇಲೆ ಮಲಗುತ್ತಾನೆ. ಸಾಣಿಗೆ ಹಿಡಿದವನು ಅವನೇ. ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದುತ್ತ ಓದುತ್ತ "ಆ ಪೋಲಿ ಯಾರ ಮನೆಯವನೋ" ಎನ್ನುವಲ್ಲಿ ನಿಂತ. ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡ. "ಯಾಕಲೇ, ಗಂಟಲಾ ಹಿಡೀತೇನು?" ಎಂದು ನಿಮ್ಮ ತಮ್ಮ ಕೇಳಿದರು. "ಮಾವಾ, ನಮ್ಮವ್ವ ತನಗ ತಾನಽ ಬೈಕೊಂಡಾಳ" ಎಂದ. ಇಪ್ಪತ್ನಾಲ್ಕು ದಿನಗಳ ಮೇಲೆ ನಿಮ್ಮ ತಮ್ಮ ಅವತ್ತು ನಕ್ಕರು.

ನೀಲಾ ನಗಲಿಲ್ಲ. ಕಾಗದ ಕಸಿದುಕೊಂಡು ಕಡೆಯ ತನಕ ಓದಿದಳು.

ಇನ್ನು ಮುಚ್ಚಿಡುವುದಿಲ್ಲ. ಫೆಬ್ರುವರಿ ೧೨, ಸೋಮವಾರ, ನೀಲಾ ಸಮುದ್ರಕ್ಕೆ ಇಳಿದಳು. ಇಳಿಯುವ ಮೊದಲು ನಾನೇ ಅವಳ ಕಿವಿಯವು, ಕೈಯವು, ನೀವು ಹಾಕಿದ ಸರ, ಎಲ್ಲ ಬಿಚ್ಚಿಸಿ ಸೆರಗಿಗೆ ಗಂಟು ಹಾಕಿಕೊಂಡು ಕೂತೆ. ಅಲೆ ಯಾವುದನ್ನೂ ಬಿಡುವುದಿಲ್ಲ ಎಂದು ಮಾಸ್ತರರ ಹೆಂಡತಿ ಹೇಳಿದ್ದರು. ಕೊರಳ ಲಿಂಗವನ್ನು ಮಾತ್ರ ಬಿಚ್ಚಲಿಲ್ಲ. ಹೇಗೆ ಬಿಚ್ಚುವುದು? ಜೀವ ಇರುವತನಕ ಮೈಯಿಂದ ಅಗಲಬಾರದು ಎಂದು ಕಲಿತವರು ನಾವು. ಎರಡನೆಯ ಅಲೆ ಅವಳನ್ನು ಮಗುಚಿ ಹಾಕಿತು. ಎದ್ದಾಗ ಕೊರಳಲ್ಲಿ ಶಿವದಾರವೂ ಇಲ್ಲ, ಲಿಂಗದ ಬೆಳ್ಳಿಯ ಕರಡಿಗೆಯೂ ಇಲ್ಲ. ಬಂಗಾರವೆಲ್ಲ ನನ್ನ ಸೆರಗಿನಲ್ಲಿತ್ತು. ಬಿಚ್ಚಬಾರದ್ದೊಂದನ್ನೇ ಸಮುದ್ರ ಬಿಚ್ಚಿಕೊಂಡು ಹೋಯಿತು.

ಅವತ್ತಿನಿಂದ ಅವಳು ಅನ್ನ, ರೊಟ್ಟಿ ಮುಟ್ಟಿಲ್ಲ. ಲಿಂಗಕ್ಕೆ ತೋರಿಸದೆ ಹೇಗೆ ಉಣ್ಣಲಿ ಎನ್ನುತ್ತಾಳೆ. ಎಳನೀರು, ಹಾಲು, ಬಾಳೆಹಣ್ಣು, ಅಷ್ಟೇ. ಅದಕ್ಕೂ ನಾನು ಕಾಲಿಗೆ ಬೀಳುವುದೊಂದು ಬಾಕಿ. ಶಿವರಾತ್ರಿ ಉಪವಾಸ ಚೆನ್ನಾಗಿ ಆಯಿತು ಎಂದು ಬರೆದೆನಲ್ಲ, ಅದು ನಿಜ. ನಿಮ್ಮ ತಮ್ಮ ದಿನಾ ಇಳಿತದ ಹೊತ್ತಿಗೆ ನೀರಿಗಿಳಿದು ಉಸುಕು ತಡವುತ್ತಾರೆ. ಅವರ ಕಾಲು ಸುಧಾರಿಸಿಲ್ಲ, ಮೊದಲಿಗಿಂತ ಊದಿದೆ. ದೀಪಸ್ತಂಭದ ಹತ್ತಿರವೂ ನಾವು ಯಾರೂ ಹೋಗಿಲ್ಲ. ಮಾಸ್ತರರು ಹೇಳಿದ್ದನ್ನು ಬರೆದೆ.

ಉಳವಪ್ಪನಿಗೆ ಮರುದಿನವೇ ಕಾಗದ ಹಾಕಿದವಳು ನೀಲಾ. "ಅಕ್ಷತಾ ಬೀಳೂದ್ರಾಗ ಅವರಿಗೆ ಗೊತ್ತಿರಲಿ" ಎಂದಳು. ಅವನು ಬಂದು ಮೊದಲು ಅಂದದ್ದು, "ಅವ್ವಗ ತಿಳಸೂಣು." ಬೇಡ ಎಂದವಳು ನಾನು. ಅವನ ಕಡೆಯಿಂದ ಆಣೆ ಹಾಕಿಸಿಕೊಂಡವಳೂ ನಾನು.

ಇನ್ನೊಂದು ಲಿಂಗ ತರಿಸಿಕೊಳ್ಳಬಹುದಿತ್ತು. ಆದರೆ ನಮ್ಮ ಮನೆತನಕ್ಕೆ ಲಿಂಗ ಕಟ್ಟುವವರು ಬಸಯ್ಯನವರು, ಅವರು ಪ್ರತಿ ಸೋಮವಾರ ನಿಮ್ಮ ಮನೆಯಲ್ಲಿ ಪ್ರಸಾದ ತೆಗೆದುಕೊಳ್ಳುವವರು. ಅವರಿಗೆ ಹೇಳಿದರೆ ನಿಮಗೆ ಹೇಳಿದ ಹಾಗೆಯೇ. ನಿಮಗೆ ಯಾಕೆ ಹೆದರಿದೆ ಎಂದರೆ, ನಾನು ಹೊಸ ಸೊಸೆಯಾಗಿ ಬಂದ ವರ್ಷ ನಿಮ್ಮ ಚಿಕ್ಕಮ್ಮನ ಮಗಳು ಭರಮವ್ವನ ಲಿಂಗ ಬಾವಿಗೆ ಬಿತ್ತು. ಹಬ್ಬದ ಪಂಕ್ತಿಯಲ್ಲಿ ಅವಳು ಕೂತಾಗ ನೀವು, "ಲಿಂಗ ಕಳಕೊಂಡಾಕಿ ನಮ್ಮ ಬಾಜು ಕುಂದ್ರಬ್ಯಾಡ" ಎಂದಿರಿ. ಬಡಿಸಿದ ಎಲೆ ಬಿಟ್ಟು ಅವಳು ಎದ್ದು ಹೋದದ್ದನ್ನು ನೋಡಿದೆ. ಸಾರಿನ ಗಿಂಡಿ ನನ್ನ ಕೈಯಲ್ಲಿತ್ತು. ನನ್ನ ಮಗಳು ಹಾಗೆ ಏಳಬಾರದು ಎಂದು ಸುಳ್ಳು ಬರೆದೆ.

ಈಗ ಏಳುವ ಪ್ರಶ್ನೆಯೇ ಇಲ್ಲ. ಕೂಡ್ರಲಿಕ್ಕೇ ಒಲ್ಲೆ ಎನ್ನುತ್ತಾಳೆ. ನಿಮ್ಮ ಕಾಗದ ಮಡಚಿ ನನ್ನ ಕೈಗೆ ಕೊಟ್ಟು ಇಷ್ಟೇ ಅಂದಳು: "ನಾ ಲಿಂಗ ಕಳಕೊಂಡೀನಿ, ಖರೇ. ಮಾನ ಕಳಕೊಂಡಿಲ್ಲ. ಅತ್ತಿ ಬಾಯಿಂದ ಆ ಮಾತು ಬರೂತನಕ ಈ ಮದವಿ ಇಲ್ಲ." ಉಳವಪ್ಪ ಬಹಳ ಹೇಳಿದ. "ನೀವು ಸುಮ್ಮನ ಕುಂದರ್ರಿ. ಇದು ನನಗೂ ಅತ್ತಿಗೂ ಇದ್ದದ್ದು" ಎಂದಳು.

ಎರಡು ಕಾಗದಗಳಲ್ಲಿ ಸುಳ್ಳು ಬರೆದದ್ದಕ್ಕೆ ನಾನು ನಿಮ್ಮ ಕ್ಷಮೆ ಕೇಳುತ್ತೇನೆ. ಮಗಳ ಪರವಾಗಿ ಕೇಳುವುದಿಲ್ಲ. ಅವಳು ಏನೂ ಮಾಡಿಲ್ಲ.

ಕಾಂತಾ


ಶಿವಬಸವ ನಗರ, ಬೆಳಗಾವಿ
೧೩ ಮಾರ್ಚ್ ೧೯೭೯

ಕಾಂತಾಗೆ,

ನಿನ್ನ ಕಾಗದ ಶನಿವಾರ ಕೈ ಸೇರಿತು. ಎರಡು ದಿನ ಉತ್ತರ ಬರೆಯಲಿಲ್ಲ.

ಮೊದಲು ನಿನ್ನದು ಮುಗಿಸುತ್ತೇನೆ. ನೀನು ಸುಳ್ಳು ಬರೆದೆ. ನನ್ನ ಮಗ ಸುಳ್ಳು ಹೇಳಿ ಮನೆ ಬಿಟ್ಟ. ದುಂಡಪ್ಪ ಎಲ್ಲ ತಿಳಿದೂ ಬಾಯಿ ಮುಚ್ಚಿಕೊಂಡು ನೀರಲ್ಲಿ ನಿಂತ. ನಿಮ್ಮ ಮೂವರದನ್ನೂ ಒಂದು ಪರಡಿಯಲ್ಲಿ, ನನ್ನ ೪ನೆಯ ತಾರೀಖಿನ ಕಾಗದವನ್ನು ಇನ್ನೊಂದು ಪರಡಿಯಲ್ಲಿ ಇಟ್ಟು ತೂಗಿದೆ. ತಕ್ಕಡಿ ನನಗೆ ಬೇಕಾದ ಕಡೆಗೆ ಬಾಗಲಿಲ್ಲ.

ನಿನ್ನೆ ಸೋಮವಾರ ಬಸಯ್ಯನವರು ಬಂದಿದ್ದರು. ಯಾರದೋ ಮನೆಯ ಸುದ್ದಿ ಎಂಬಂತೆ ಕೇಳಿದೆ. "ಸಮುದ್ರದಾಗ ಇಳಿದಾಗ ಲಿಂಗ ಹೋತಂತ್ರಿ. ಏನು ಮಾಡಬೇಕು?" ಅವರು ತಾಟಿನಿಂದ ತಲೆ ಎತ್ತಲಿಲ್ಲ. "ಸಮುದ್ರಕ್ಕೇನ ಗೊತ್ತರ್ರಿ ಯಾರ ಕೊರಳಾಗ ಏನೈತಂತ? ಇನ್ನೊಂದು ಕಟ್ಟೂದು. ಅಲ್ಲೀತನಕ ಎದಿಮ್ಯಾಲೆ ಕೈ ಇಟ್ಟು, ನೆನಸಿ ಉಣಲಿ. ಹಸಗೊಂಡು ಕುಂದರಂತ ಯಾವ ಗುರು ಹೇಳ್ಯಾನ?"

"ಅಂಥಾಕಿ ಪಂಕ್ತ್ಯಾಗ ಕುಂದ್ರಬಹುದೇನ್ರಿ?"

ಆಗ ತಲೆ ಎತ್ತಿದರು. "ಗೌರವ್ವಾರ, ಇದನ್ನ ಭರಮವ್ವನ ಹೊತ್ತಿನ್ಯಾಗ ಕೇಳಬೇಕಿತ್ತು ನೀವು" ಎಂದರು. ಊಟ ಮುಗಿಸಿ, ಕೈ ತೊಳೆದು ಹೋದರು. ಇಪ್ಪತ್ತಾರು ವರ್ಷ ನಾನು ಅದನ್ನು ನಮ್ಮ ಆಚಾರವೆಂದು ತಿಳಿದಿದ್ದೆ. ಆಚಾರವಲ್ಲ, ನನ್ನ ನಾಲಿಗೆ.

ಸಂಜೆ ಮಹಾಂತೇಶ ನಗರಕ್ಕೆ ಹೋಗಿದ್ದೆ, ಭರಮವ್ವ ಮಗಳ ಮನೆಯಲ್ಲಿದ್ದಾಳೆ. ಬಾಗಿಲು ತೆಗೆದಳು, ಚಹಾ ಕೊಟ್ಟಳು. ನಾನು ಕಪ್ಪು ತೊಳೆದಿಟ್ಟು ಬಂದೆ. ಅದರ ಸುದ್ದಿ ಇನ್ನು ಕೇಳಬೇಡ.

ಈಗ ನೀಲಗಂಗಾಳ ಮಾತು. ಟಿಳಕವಾಡಿಯವರಿಗೆ ನಾನು ಏನೂ ಹೇಳಿಲ್ಲ. ೨೨ನೆಯ ತಾರೀಖು, ಗುರುವಾರ, ಬಸಯ್ಯನವರನ್ನು ಕರೆದುಕೊಂಡು ಬರುತ್ತೇನೆ. ಅವರು ಹೊಸ ಲಿಂಗ, ಶಿವದಾರ ತರುತ್ತಾರೆ. ಆ ದಾರವನ್ನು ನಾನೇ ಎಳೆ ಕೂಡಿಸಿ ಹೊಸೆದಿದ್ದೇನೆ, ಜಗ್ಗಿ ನೋಡಿದ್ದೇನೆ. ಅದನ್ನು ಕಟ್ಟಿಸಿಕೊಳ್ಳುವುದಕ್ಕೂ ಮದುವೆಗೂ ಸಂಬಂಧವಿಲ್ಲ ಎಂದು ಅವಳಿಗೆ ಹೇಳು. ಅವಳು ನನ್ನ ಮನೆಗೆ ಬರಲಿ, ಬಿಡಲಿ, ಇವತ್ತಿನಿಂದ ಉಣ್ಣಬೇಕು. ದುಂಡಪ್ಪ ನೀರಿನಿಂದ ಮೇಲೆ ಬರಬೇಕು. ಇದು ಅಕ್ಕನ ಅಪ್ಪಣೆ ಎನ್ನು.

ನನ್ನ ಬಾಯಿಂದ ಬರಬೇಕು ಎಂದು ಅವಳು ಹೇಳಿದ ಆ ಮಾತನ್ನು ಇದರಲ್ಲಿ ಬರೆಯುವುದಿಲ್ಲ. ಬರೆಯಲು ಮೂರು ಸಲ ಕೂತೆ, ಮೂರು ಹಾಳೆ ಹರಿದೆ. ಕಾಗದ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ನಾಳೆ ಮೊಮ್ಮಕ್ಕಳು ತೆಗೆದು ಓದಿ, ನಮ್ಮ ಅಜ್ಜಿ ಹೀಗೆ ಬರೆದಿದ್ದಳು ಎನ್ನುವುದು ನನಗೆ ಬೇಡ. ಬಾಯಿಂದಲೇ ಬರಬೇಕು ಎಂದಿದ್ದಾಳಲ್ಲ, ಬಾಯಿಂದಲೇ ಹೇಳುತ್ತೇನೆ. ಆದರೆ ಮಾಸ್ತರರ ಮನೆಯಲ್ಲಿ ಅಲ್ಲ, ನಿಮ್ಮೆಲ್ಲರ ನಡುವೆಯೂ ಅಲ್ಲ. ಅವಳೊಬ್ಬಳು ದಂಡೆಗೆ ಬರಲಿ. ಒಂದು ಸಲ ಹೇಳುತ್ತೇನೆ.

ಒಪ್ಪಿಗೆಯಿದ್ದರೆ ಅವಳೇ ಒಂದು ಗೆರೆ ಬರೆಯಲಿ. ಇಲ್ಲವೆಂದರೂ ಬಸಯ್ಯನವರನ್ನು ಕಳಿಸುತ್ತೇನೆ, ನಾನು ಬರುವುದಿಲ್ಲ.

ಉಳವಪ್ಪನಿಗೆ ಅಂಗಿ ತೊಟ್ಟುಕೊಳ್ಳಲು ಹೇಳು.

ಗೌರವ್ವ


(ಕಾರ್ಡು)

ಕೋಡಿಬಾಗ, ಕಾರವಾರ
೧೭ ಮಾರ್ಚ್ ೧೯೭೯

ಅತ್ತೆಯವರಿಗೆ ನೀಲಗಂಗಾ ಮಾಡುವ ಶರಣು.

ಕಾರ್ಡನ್ನು ಟಪಾಲಿನವರೆಲ್ಲ ಓದುತ್ತಾರೆಂದು ಗೊತ್ತಿದ್ದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ನನ್ನದು ಮುಚ್ಚುವಂಥದ್ದು ಏನೂ ಇಲ್ಲ.

ನಿನ್ನೆ ಎರಡು ರೊಟ್ಟಿ ಉಂಡೆ. ಅಪ್ಪ ಮೇಲೆ ಬಂದಿದ್ದಾರೆ. ಗುರುವಾರ ಲಾಂಚಿನ ಹತ್ತಿರ ನಾನೊಬ್ಬಳೇ ಬಂದು ನಿಲ್ಲುತ್ತೇನೆ, ಬರ್ರಿ. ಒಂದೇ ಸಲ ಹೇಳುವುದಾಗಿ ಬರೆದಿದ್ದೀರಿ. ಆಗಲಿ. ಆದರೆ ಇಲ್ಲಿ ಅಲೆಗಳ ಸಪ್ಪಳ ಬಹಳ. ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ, ಗಟ್ಟಿಯಾಗಿ ಹೇಳಬೇಕಾಗುತ್ತದೆ.

ನೀಲಗಂಗಾ